ಗಂಟಲ ಸೆರೆ

ನಮ್ಮೂರಿಗೆ ಎರಡು ಜೈಲು. ಗುಡ್ಡದ ಮೇಲೆ ತಂಗಾಳಿಗೆ ಮುಖ ಮಾಡಿಕೊಂಡಿರುವುದು ಸರ್ಕಾರದ ದೊಡ್ಡ ಜೈಲು. ತಪ್ಪು ಮಾಡಿದ್ದಾರೆಂದು ಕೋರ್ಟು ತೀರ್ಪು ಕೊಟ್ಟವರು ಅಲ್ಲಿಗೆ ಹೋಗುತ್ತಾರೆ. ಕೆಳಗೆ, ಹೂವಿನ ಮಂಡಿಯ ಹಿಂದೆ, ಚರಂಡಿಗೆ ಬೆನ್ನು ಕೊಟ್ಟು ಕೂತಿರುವುದು ಊರಿನ ಸಣ್ಣ ಜೈಲು. ತಪ್ಪು ಮಾಡಿದ್ದಾರೋ ಇಲ್ಲವೋ ಇನ್ನೂ ಯಾರಿಗೂ ಗೊತ್ತಿಲ್ಲದವರು ಇಲ್ಲಿಗೆ ಬರುತ್ತಾರೆ. ಅದು ದೊಡ್ಡಮನೆ, ಇದು ಚಿಕ್ಕಮನೆ. ಊರಿಗೆ ಹೊಸದಾಗಿ ಬಂದ ಸೊಸೆಯಂದಿರು "ಅವರ ಯಜಮಾನ್ರು ಚಿಕ್ಕಮನೇಲಿದಾರಂತೆ" ಎಂಬ ಮಾತು ಕೇಳಿ ಬೇರೇನೋ ಅರ್ಥ ಮಾಡಿಕೊಂಡು ಸೆರಗಿನಲ್ಲಿ ನಗುತ್ತಾರೆ. ಸ್ವಲ್ಪ ದಿನ ಹೋದರೆ ಆ ನಗು ನಿಲ್ಲುತ್ತದೆ.

ಎರಡೂ ಮನೆಯ ಬಾಗಿಲಲ್ಲಿ ಒಂದೇ ನಿಯಮ. ಬೆಲ್ಟು ಬಿಚ್ಚಿಡಬೇಕು, ಉಡಿದಾರ ಬಿಚ್ಚಿಡಬೇಕು, ಸ್ವರ ಬಿಚ್ಚಿಡಬೇಕು. ಬಗ್ಗಿ ಒಂದು ಸಲ ಜೋರಾಗಿ ಕ್ಯಾಕರಿಸಿದರೆ ಬರುತ್ತದೆ. ಮೊದಲ ಸಲದವರಿಗೆ ಸ್ವಲ್ಪ ಉರಿ. ಒಳಗಿರುವಷ್ಟು ದಿನ ಕೈಸನ್ನೆ, ಹೊರಗೆ ಬರುವಾಗ ಸ್ವರ ವಾಪಸ್ಸು. ವ್ಯತ್ಯಾಸವಿರುವುದು ಇಟ್ಟದ್ದನ್ನು ನೋಡಿಕೊಳ್ಳುವುದರಲ್ಲಿ. ದೊಡ್ಡಮನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪಿಂಗಾಣಿ ಜಾಡಿ, ಜಾಡಿಯ ಮೇಲೆ ಹೆಸರು, ಬಾಯಿಗೆ ಬಿಳಿ ಬಟ್ಟೆ. ಭಾನುವಾರ ತಾರಸಿಯ ಮೇಲೆ ಉಪ್ಪಿನಕಾಯಿಯ ಹಾಗೆ ಬಿಸಿಲಿಗಿಡುತ್ತಾರೆ. ಸಂಜೆ ಪಾಠದ ಹೊತ್ತಿಗೆ ಬಟ್ಟೆ ಬಿಚ್ಚಿ ಸ್ವರ ಕೊಡುತ್ತಾರೆ. ಓದು, ಹಾಡು, ಬಡಗಿ ಕೆಲಸ ಕಲಿಯುವುದು ಮುಗಿದ ಮೇಲೆ ಮತ್ತೆ ಜಾಡಿಗೆ. ಮಚ್ಚು ಹಿಡಿದು ಹೋದವನು ಅಲ್ಲಿಂದ ವಾರ್ತೆ ಓದುವಂಥ ಗಂಟಲು ಹೊತ್ತು ಇಳಿದು ಬರುತ್ತಾನೆ. ಚಿಕ್ಕಮನೆಯಲ್ಲಿ ಜಾಡಿಯಿಲ್ಲ. ಇಲ್ಲಿನವರು ಇವತ್ತು ಬಂದು ನಾಳೆ ಹೋಗುವವರು, ಇವರಿಗ್ಯಾಕೆ ಜಾಡಿ ಎಂದು ಯಾರೋ ಯಾವತ್ತೋ ತೀರ್ಮಾನಿಸಿದ್ದಾರೆ. ಆ ನಾಳೆ ಕೆಲವರಿಗೆ ವರ್ಷಗಳಾದರೂ ಬಂದಿಲ್ಲ. ಇಲ್ಲಿರುವುದು ಬಾಗಿಲ ಒಳಗಡೆ, ನಲ್ಲಿಯ ಪಕ್ಕ, ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮು. ಎಲ್ಲರ ಸ್ವರವೂ ಅದರಲ್ಲೇ. ಬಿಡುಗಡೆಯ ದಿನ ಸೌಟು ಹಾಕುತ್ತಾರೆ, ಬಂದದ್ದನ್ನು ಕೊಡುತ್ತಾರೆ.

ಊರು ಇದಕ್ಕೆ ಒಗ್ಗಿಕೊಂಡಿದೆ. ಚಿಕ್ಕಮನೆಯಿಂದ ಬಂದವನನ್ನು ಟೀ ಅಂಗಡಿಯಲ್ಲಿ ಯಾರೂ ಮಾತಾಡಿಸುವುದಿಲ್ಲ. ಲೋಟ ಮುಂದಿಟ್ಟು ಆಚೆ ನೋಡುತ್ತಾರೆ. ಲಾಳ ಕಟ್ಟುವ ಫಕೀರಪ್ಪ ಒಂದು ಹೆಂಗಸಿನ ಸ್ವರ ಹೊತ್ತು ಬಂದ. ಅವನ ಹೆಂಡತಿ ಈಗಲೂ ಅವನ ಜೊತೆ ಜಗಳವಾಡುವಾಗ ಕಣ್ಣು ಬಿಟ್ಟುಕೊಂಡೇ ಇರುತ್ತಾಳೆ, ಮುಚ್ಚಿದರೆ ಸವತಿಯ ಜೊತೆ ಆಡಿದ ಹಾಗಾಗುತ್ತದಂತೆ. ಇನ್ನೊಬ್ಬನಿಗೆ ಸಿಕ್ಕಿದ್ದು, ವಿಚಾರಣೆ ಶುರುವಾಗುವ ಮೊದಲೇ ಒಳಗೆ ತೀರಿಕೊಂಡ ಒಬ್ಬ ಹುಡುಗನ ಸ್ವರ. ಆ ಹುಡುಗನ ತಾಯಿ ದಿನಾ ಸಂಜೆ ಬಂದು ಇವನ ಜಗಲಿಯಲ್ಲಿ ಕೂರುತ್ತಾಳೆ. "ಒಂದ್ಲೋಟ ನೀರು ಕೇಳಪ್ಪ" ಅನ್ನುತ್ತಾಳೆ. ಇವನು ಕೇಳುತ್ತಾನೆ. ಅವಳು ಕೊಟ್ಟು ಎದ್ದು ಹೋಗುತ್ತಾಳೆ.

ನನ್ನನ್ನು ಊರಲ್ಲಿ ಮೈಕಣ್ಣ ಅನ್ನುತ್ತಾರೆ. ಬಿ.ಎ. ಓದಿದ್ದೇನೆ, ಐಚ್ಛಿಕ ಕನ್ನಡ, ಅನೈಚ್ಛಿಕ ನಿರುದ್ಯೋಗ. ಆಟೋಗೆ ಮೈಕು ಕಟ್ಟಿಕೊಂಡು ಸೀರೆ ಅಂಗಡಿಯಿಂದ ಮೂಲವ್ಯಾಧಿ ಡಾಕ್ಟರವರೆಗೆ ಎಲ್ಲರ ಪ್ರಚಾರ ಕೂಗುವುದು ಕಸುಬು. ಮಿಮಿಕ್ರಿ ಚಟ. ತಹಸೀಲ್ದಾರರ ಆಕಳಿಕೆ, ಪುರೋಹಿತರ ಸಂಕಲ್ಪ, ಕುಕ್ಕರಿನ ಮೂರನೇ ವಿಷಲ್ಲು, ಯಾವುದು ಬೇಕು ಹೇಳಿ, ತೆಗೆದುಕೊಡುತ್ತೇನೆ. ಒಂದೇ ಒಂದು ಸ್ವರವನ್ನು ಮಾತ್ರ ತಮಾಷೆಗೆ ತೆಗೆದವನಲ್ಲ: ನನ್ನ ಗೆಳೆಯ ಪುಟ್ಟಮಾದನದು. ಮಾದ ಹೂವಿನ ಮಂಡಿಯಲ್ಲಿ ಹರಾಜು ಕೂಗುವವನು. "ಮಲ್ಲಿಗೆ ಮೊಗ್ಗೂ... ಒಂದನೇ ಸರಿ!" ಎಂದನೆಂದರೆ ಸೇತುವೆ ಆಚೆಯ ಎಮ್ಮೆಗಳೂ ಕತ್ತೆತ್ತುತ್ತಿದ್ದವು. ನಮ್ಮ ಮಂಡಿಯಲ್ಲಿ ಒಂದು ಪದ್ಧತಿಯಿದೆ. ಮೂರನೇ ಸರಿ ಕೂಗಿದ ಮೇಲೆ ಆ ಸರಕಿನ ಮೇಲೆ ಯಾರ ಕೈಯಿದ್ದರೂ ತೆಗೆಯಬೇಕು, ಮೂಟೆಯ ಮೇಲೆ ಯಾರು ಕೂತಿದ್ದರೂ ಏಳಬೇಕು. ಬೆಳೆದವನಿರಲಿ, ಮಂಡಿಯ ಯಜಮಾನನೇ ಇರಲಿ. ಕೂಗಿದ್ದು ಯಾರು ಎಂದು ಕೂಡ ಕೇಳುವಂತಿಲ್ಲ. ಇಲ್ಲಿ ಹುಟ್ಟಿದವರಿಗೆ ಅದು ಮೈಯಲ್ಲೇ ಇಳಿದುಬಿಟ್ಟಿದೆ. ಮನೆಯಲ್ಲಿ ತಾಯಂದಿರು ಮೂರನೇ ಸರಿ ಎಂದರೆ ಮಕ್ಕಳು ನಿದ್ದೆಗಣ್ಣಲ್ಲೂ ಚಾಪೆ ಬಿಟ್ಟು ನಿಲ್ಲುತ್ತವೆ.

ಒಂದು ದಿನ ಮಂಡಿಯ ತೂಕದ ಕಲ್ಲೊಂದು ಕಾಣೆಯಾಯಿತು. ಯಜಮಾನ ಎದುರಿಗೆ ಕಂಡವನ ಕಡೆಗೆ ಬೆರಳು ತೋರಿಸಿದ, ಎದುರಿಗಿದ್ದವನು ಮಾದ. ಜಾಮೀನಿಗೆ ಓಡಾಡಿದೆವು. ಜಾಮೀನು ಕೊಡಲು ಜಮೀನು ಇದ್ದವರು ಬೇಕಂತೆ. ದೀರ್ಘ ಸಿಗಬೇಕಾದರೆ ಮೊದಲು ಹ್ರಸ್ವ ಇರಬೇಕು! ಎರಡೂ ಇಲ್ಲದೆ ಮಾದ ಚಿಕ್ಕಮನೆಯ ಬಾಗಿಲಲ್ಲಿ ಬಗ್ಗಿ ಕ್ಯಾಕರಿಸಿದ. ಊರಿನ ಅಷ್ಟು ದೊಡ್ಡ ಸ್ವರ ಡ್ರಮ್ಮಿಗೆ ಬಿದ್ದಾಗ ಬಂದದ್ದು ಮಗ್ಗಿನಿಂದ ನೀರು ಚೆಲ್ಲಿದಷ್ಟು ಸದ್ದು.

ಚಿಕ್ಕಮನೆಯ ವಾರ್ಡರು ಪಾಪಣ್ಣ. ಹೆಸರಿನ ಮೊದಲೆರಡು ಅಕ್ಷರಕ್ಕೆ ಎರಡು ಅರ್ಥವಿದೆ, ಯಾವುದು ಹೊಂದುತ್ತದೆಂದು ನೀವೇ ನೋಡಿ. ಅವನ ಬಾಯಲ್ಲಿ ಒಂದೇ ಮಾತು. ಅನ್ನದಲ್ಲಿ ಹುಳ ಎಂದು ಸನ್ನೆ ಮಾಡಿದರೆ "ಸುಧಾರಿಸ್ಕೊಳ್ರಪ್ಪಾ". ಹತ್ತು ಜನರ ಕೋಣೆಯಲ್ಲಿ ನಲವತ್ತು ಜನ ಸರದಿಯಲ್ಲಿ ಮಲಗುತ್ತಿದ್ದೇವೆ ಎಂದರೆ "ಸುಧಾರಿಸ್ಕೊಳ್ರಪ್ಪಾ". ಡ್ರಮ್ಮಿನಲ್ಲಿ ಪಾಚಿ ಕಟ್ಟಿದೆ ಎಂದು ನಾನೇ ಬಾಯಿ ಬಿಟ್ಟು ಹೇಳಿದೆ. "ಎಲ್ಲಾ ಸುಧಾರಿಸ್ಕೋತದೆ ಮೈಕಣ್ಣ" ಎಂದ.

ಭೇಟಿಯ ದಿನ ನಾನು ಮತ್ತು ಮಾದನ ಹೆಂಡತಿ ರಾಜಮ್ಮಣ್ಣಿ ಜೊತೆಯಾಗಿ ಹೋಗುತ್ತಿದ್ದೆವು. ಅವನು ಕಂಬಿಯಾಚೆ ಕೈಯಾಡಿಸಿ ಹೇಳುತ್ತಿದ್ದ, ನಾನು ಈಚೆ ಅವನ ಸ್ವರದಲ್ಲೇ ಅದನ್ನು ಆಡುತ್ತಿದ್ದೆ. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. "ಬಾಗಿಲ ಚಿಲಕ ರಿಪೇರಿ ಮಾಡಿಸ್ದ್ಯಾ?" "ಮಾಡಿಸ್ದೆ." "ಊಟ ಮಾಡ್ತಿದೀಯಾ?" "ಮಾಡ್ತಿದೀನಿ." ಇಷ್ಟೇ ಮಾತು. ಆದರೆ ಅವಳ ಮುಖ ನೋಡಿದರೆ ನನ್ನ ಗಂಟಲ ಸೆರೆ ಉಬ್ಬಿ ಬರುತ್ತಿತ್ತು.

ಹೀಗಿರುವಾಗ ದೊಡ್ಡಮನೆಯ ವಾರ್ಷಿಕೋತ್ಸವಕ್ಕೆ ನನ್ನ ಮಿಮಿಕ್ರಿ ಇಟ್ಟುಕೊಂಡಿದ್ದರು. ಅಲ್ಲಿನ ಅಧಿಕಾರಿ ಆರಾಧ್ಯ ಸಾಹೇಬರು. ಮಾತಿಗೆ ಮುಂಚೆ ಮ್ಹುಂ ಎಂದು ಗಂಟಲು ಸರಿ ಮಾಡಿಕೊಳ್ಳುತ್ತಾರೆ; ಎರಡು ಮಾತಿಗೊಂದು ಐ ಮೀನ್. ತಾರಸಿಗೆ ಕರೆದುಕೊಂಡು ಹೋಗಿ ಸಾಲು ಜಾಡಿ ತೋರಿಸಿದರು. "ಮ್ಹುಂ, ಐ ಮೀನ್, ನಮ್ಮಲ್ಲಿ ಶಿಕ್ಷೆ ಅನ್ನೋಲ್ಲ ಮೈಕಣ್ಣ, ಶಿಕ್ಷಣ ಅಂತೀವಿ. ಇಲ್ಲಿ ನಡೆಯೋದು ಸುಧಾರಣೆ." ಕೆಳಗೆ ಕೈದಿಗಳ ಮೇಳ ಹಾಡುತ್ತಿತ್ತು, ಒಂದು ಅಪಸ್ವರವಿಲ್ಲ. ನಾನು ಕೇಳಿದೆ, "ಚಿಕ್ಕಮನೆಗೂ ಒಂದಷ್ಟು ಜಾಡಿ ಕಳಿಸಬಹುದಲ್ಲ ಸಾರ್?" ಅವರು ನನ್ನನ್ನು ಮಗುವನ್ನು ನೋಡುವ ಹಾಗೆ ನೋಡಿದರು. "ಅವರಿನ್ನೂ ಅಪರಾಧಿಗಳೇ ಅಲ್ವಲ್ರೀ. ನಿರಪರಾಧಿಗಳನ್ನ ಸುಧಾರಣೆ ಮಾಡೋಕೆ ನಮಗೆ ಅಧಿಕಾರ ಎಲ್ಲಿದೆ? ಮೊದಲು ಅಪರಾಧಿ ಆಗಿ ಬರ್ಲಿ, ಐ ಮೀನ್." ತಪ್ಪು ಸಾಬೀತಾದವನಿಗೆ ಪಿಂಗಾಣಿ, ಸಾಬೀತಾಗದವನಿಗೆ ಪಾಚಿ! ನನ್ನ ಮೈಯೆಲ್ಲ ಉರಿಯಿತು. ಉರಿದರೂ ಅವತ್ತು ಕುಕ್ಕರಿನ ವಿಷಲ್ಲು ಹೊಡೆದು ಎಲ್ಲರನ್ನೂ ನಗಿಸಿ ಬಂದೆ.

ಬಂದವನೇ ಫೋನು ಎತ್ತಿ, ಆರಾಧ್ಯರ ಸ್ವರ ತೆಗೆದು, ಚಿಕ್ಕಮನೆಗೆ ಹಚ್ಚಿದೆ. "ಮ್ಹುಂ, ಪಾಪಣ್ಣ, ಐ ಮೀನ್, ನಿಮ್ಮಲ್ಲಿ ಸುಧಾರಣೆ ಹೇಗೆ ನಡೀತಿದೆ?"

ಆ ಕಡೆ ಕುರ್ಚಿ ಬಿದ್ದ ಸದ್ದು, ಎದ್ದು ನಿಂತಿರಬೇಕು. "ಚೆನ್ನಾಗಿ ಸುಧಾರಿಸ್ತಾ ಇದೀವಿ ಸಾ!"

"ಹಾಗಲ್ಲ ರೀ. ಒಳಗಿರೋ ಒಬ್ಬೊಬ್ಬನ ಸುಧಾರಣೆ ಆಗ್ಬೇಕು."

"ಒಬ್ಬೊಬ್ಬನಿಗೂ ಹೇಳಿದೀನಿ ಸಾ, ಸುಧಾರಿಸ್ಕೊಳ್ರಪ್ಪಾ ಅಂತ."

ತಾಳ್ಮೆ ತಪ್ಪಿತು. "ಅದೆಲ್ಲ ಬೇಡ. ಇವತ್ತೇ ಒಬ್ಬೊಬ್ಬನಿಗೂ ಜಾಡಿ ಸಿಗ್ಬೇಕು!"

"ಜಾಡಿಸ್ಬೇಕಾ ಸಾ? ಒಬ್ಬೊಬ್ಬನಿಗೂ?"

ಲೈನು ಕರಕರ ಅನ್ನುತ್ತಿತ್ತು. ನಾನು ಗೆದ್ದ ಖುಷಿಯಲ್ಲಿ "ಹೌದು, ಇವತ್ತೇ!" ಎಂದು ಇಟ್ಟೆ. ಪಾಪಣ್ಣ ಮೇಲಿನವರ ಮಾತು ಮೀರುವವನಲ್ಲ. ಒಬ್ಬೊಬ್ಬನನ್ನೂ ಸಾಲಾಗಿ ನಿಲ್ಲಿಸಿ ಲಾಠಿ ಮುರಿಯುವವರೆಗೆ ಜಾಡಿಸಿದ. ಹೊಡೆತ ತಿಂದವರಿಗೆ ಅಯ್ಯೋ ಅನ್ನುವುದಕ್ಕೂ ಸ್ವರವಿರಲಿಲ್ಲ. ಆ ಹೊತ್ತಿಗೆ ಡ್ರಮ್ಮಿನ ಮುಚ್ಚಳ ತಾನಾಗಿ ಗಡಗಡ ನಡುಗಿತಂತೆ. ಮೇಲಿನವರ ಬಾಯಿಂದ ಸುಧಾರಣೆಯ ಮಾತು ಹೊರಟರೂ ಆ ಗೋಡೆಯೊಳಗೆ ಬೀಳುವಷ್ಟರಲ್ಲಿ ಲಾಠಿಯಾಗುತ್ತದೆ. ಭಾಷೆಯನ್ನೇ ಹಾಗೆ ಹಾಳುಗೆಡವಿ ಇಟ್ಟಿದ್ದಾರೆ.

ಮುಂದಿನ ಭೇಟಿಗೆ ಮಾದ ಬೆನ್ನು ಬಗ್ಗಿಸಿಕೊಂಡು ಬಂದ. ರಾಜಮ್ಮಣ್ಣಿ ಅತ್ತ ತಿರುಗಿ ನೋಡಿದಳು, ಇತ್ತ ತಿರುಗಿ ನನ್ನನ್ನು ನೋಡಿದಳು. "ಅಣ್ಣ, ನೀವೇ ಹೇಳಿದ್ರಲ್ಲ ಆ ಫೋನಿನ ತಮಾಷೆ, ಇನ್ನು ಸಾಕು. ನಾನು ತೀರ್ಮಾನ ಮಾಡಿದೀನಿ. ಕೋರ್ಟಲ್ಲಿ ಕದ್ದೆ ಅಂತ ಒಪ್ಕೊಂಡ್ಬಿಡ್ಲಿ. ಆರು ತಿಂಗಳೋ ವರ್ಷವೋ ಹಾಕ್ತಾರೆ, ಮೇಲಕ್ಕೆ ಹೋಗ್ತಾರೆ. ಜಾಡಿ ಸಿಕ್ತದೆ. ಇಲ್ಲಿದ್ರೆ ಕದ್ದಿಲ್ಲ ಅಂತ ಹೇಳೋಕೂ ಗಂಟಲು ಉಳಿಯಲ್ಲ."

ಮಾದ ಎರಡೂ ಕೈ ಎತ್ತಿ ಅಡ್ಡಡ್ಡ ಆಡಿಸಿದ. ನಾನು ಅವನ ಸ್ವರದಲ್ಲಿ ಹೇಳಿದೆ: "ಇಲ್ಲ. ನಾ ಕದ್ದಿಲ್ಲ. ಕದ್ದೆ ಅನ್ನಲ್ಲ."

ಅವಳು ಕಣ್ಣು ಬಿಟ್ಟಳು. "ಅದು ಅವರು ಹೇಳಿದ್ದೋ, ನೀವು ಹೇಳಿದ್ದೋ? ನಿಮಗೇನಣ್ಣ, ಊರಿನೋರ ಗಂಟಲೆಲ್ಲ ನಿಮ್ಮ ಜೇಬಲ್ಲಿದೆ. ಅವರಿಗಿರೋದು ಒಂದೇ!"

ನಾನು ಬಾಯಿ ಮುಚ್ಚಿಕೊಂಡೆ. ಮಾದ ಕಂಬಿಗೆ ಮುಖ ಒತ್ತಿ, ಎದೆ ಬಡಿದುಕೊಂಡು, ತನ್ನ ಬಾಯಿ ತೋರಿಸಿದ. ತಾನೇ ಹೇಳಿದ್ದು. ಅವಳಿಗೆ ಅರ್ಥವಾಯಿತು. ಕೋಪವೂ ಬಂತು. ತಂದಿದ್ದ ಬುತ್ತಿಯನ್ನು ಅಲ್ಲೇ ಕುಕ್ಕಿ ಹೊರಟುಹೋದಳು.

ಕೋರ್ಟಿನ ದಿನ ಕೈದಿ ಬಾಯಿಬಿಟ್ಟು ಹೇಳಬೇಕು, ಸನ್ನೆ ನಡೆಯುವುದಿಲ್ಲ. ಅದಕ್ಕಾಗಿ ಒಂದು ಹೊತ್ತಿನ ಮಟ್ಟಿಗೆ ಸ್ವರ ಕೊಡುತ್ತಾರೆ. ಪಾಪಣ್ಣ ಡ್ರಮ್ಮಿಗೆ ಸೌಟು ಹಾಕಿ, ಮೇಲಕ್ಕೆ ಬಂದದ್ದನ್ನು ಮಾದನ ಬಾಯಿಗೆ ಸುರಿದು ಕರೆದುಕೊಂಡು ಬಂದ. ಜವಾನ ಬಾಗಿಲಿಗೆ ಬಂದು "ಪುಟ್ಟಮಾದಾ" ಎಂದು ಮೂರು ಸಲ ಕೂಗಿದ. ಇಲ್ಲೂ ಮೂರು ಸರಿಯೇ, ಆದರೆ ಹರಾಜಾಗುವುದು ಮನುಷ್ಯ. ರಾಜಮ್ಮಣ್ಣಿ ನನ್ನ ಪಕ್ಕದ ಬೆಂಚಿನಲ್ಲಿ ಸೆರಗು ಬಿಗಿದು ಕೂತಿದ್ದಳು. ಜಡ್ಜು ಸಾಹೇಬರು ಕೇಳಿದರು, "ಕಲ್ಲು ಕದ್ದದ್ದು ನಿಜವೇನಪ್ಪಾ?"

ಮಾದ ಎದೆಯುಬ್ಬಿಸಿ ಬಾಯಿ ತೆರೆದ. ಬಂದದ್ದು ಒಂದು ಸೋತ, ಮುದಿ, ಬಗ್ಗಿದ ಸ್ವರ: "ಹೌದು ಬುದ್ದಿ."

ನನಗೆ ಗುರುತು ಸಿಕ್ಕಿತು. ಅದು ಕಬ್ಬಿನ ಗದ್ದೆಯ ಜೀತದಾಳೊಬ್ಬನದು, ಹೋದ ವರ್ಷ ಚಿಕ್ಕಮನೆಯಲ್ಲೇ ಸತ್ತವನದು. ಹುಟ್ಟಿದಾಗಿನಿಂದ ಆ ಸ್ವರಕ್ಕೆ ಬೇರೆ ಮಾತು ಅಭ್ಯಾಸವಿಲ್ಲ. ಮಾದ ಬೆಚ್ಚಿ ತಲೆ ಅಡ್ಡಡ್ಡ ಆಡಿಸಿದ, ಗಂಟಲು ಹಿಸುಕಿಕೊಂಡ, ಇಲ್ಲ ಎನ್ನಲು ತುಟಿ ಚಾಚಿದ. "ತಪ್ಪಾಯ್ತು ಬುದ್ದಿ" ಎಂದಿತು ಸ್ವರ. ಬಾಯಿಗೆ ಕೈ ಅಡ್ಡ ಹಿಡಿದ. ಬೆರಳ ಸಂದಿಯಿಂದ ಮತ್ತೆ, "ಹೊಟ್ಟೆಗೆ ಹಾಕ್ಕೊಳ್ಳಿ ಬುದ್ದಿ."

ನಾನು ಎದ್ದು ನಿಂತದ್ದು ನನಗೇ ಗೊತ್ತಾಗಲಿಲ್ಲ. ಅವನ ಮಂಡಿಯ ಸ್ವರವನ್ನು ಪೂರ್ತಿಯಾಗಿ ತೆಗೆದು ಕೂಗಿದೆ: "ಇಲ್ಲಾ! ನಾ ಕದ್ದಿಲ್ಲಾ!" ಕಿಟಕಿಯ ಮೇಲಿನ ಪಾರಿವಾಳಗಳು ಎದ್ದವು. ಸಾಹೇಬರು ಅವನನ್ನು ನೋಡಿದರು, ನನ್ನನ್ನು ನೋಡಿದರು. "ಇದ್ಯಾವ ಸ್ವರ?"

"ಇದೇ ಅವನದು ಸ್ವಾಮಿ! ಅವನ ಬಾಯಲ್ಲಿರೋದು ಸತ್ತವನದು!"

ಸರ್ಕಾರದ ವಕೀಲರು ಎದ್ದು, ಯಾರ ಬಾಯಿಂದ ಬಂತೋ ಅವರದೇ ಸ್ವರ ಎಂದು ಕಾನೂನು ಸ್ಪಷ್ಟವಾಗಿದೆ ಎಂದರು. ಸಾಹೇಬರು ಮಧ್ಯಾಹ್ನದ ಊಟಕ್ಕೆ ಏಳುವ ಅವಸರದಲ್ಲಿದ್ದರು. ಮಾದ ತಪ್ಪೊಪ್ಪಿಕೊಂಡಿದ್ದಾನೆಂದು ದಾಖಲಾಯಿತು, ವರ್ಷದ ಶಿಕ್ಷೆಯಾಯಿತು, ದೊಡ್ಡಮನೆಯ ವ್ಯಾನು ಬಂತು. ನನ್ನ ಮೇಲೂ ಒಂದು ಕೇಸು ಬಿತ್ತು. ಪರರ ಸ್ವತ್ತು ಕದ್ದರೆ ಪರಸ್ವಾಪಹರಣ, ನನ್ನದು ಪರಸ್ವರಾಪಹರಣ. ಒಂದಕ್ಷರ ಹೆಚ್ಚು. ವಿಚಾರಣೆ ಯಾವಾಗ ಎಂದು ಕೇಳಿದೆ. ದಿನ ಗೊತ್ತಾದಾಗ ಹೇಳುತ್ತೇವೆ ಎಂದರು. ಅಲ್ಲಿಯತನಕ ಚಿಕ್ಕಮನೆ.

ಬಾಗಿಲಲ್ಲಿ ಪಾಪಣ್ಣ ಬೆಲ್ಟು, ಉಡಿದಾರ ಇಸಿದುಕೊಂಡು "ಸ್ವರ ಬಿಡಪ್ಪಾ" ಎಂದ. ಯಾವುದೆಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಬಗ್ಗಿ ಆರಾಧ್ಯ ಸಾಹೇಬರದನ್ನು ಕ್ಯಾಕರಿಸಿದೆ. ನನ್ನದು ನನ್ನ ಗಂಟಲಲ್ಲೇ ಉಳಿಯಿತು. ಅಂದಿನಿಂದ ಪಾಪಣ್ಣ ಮುಚ್ಚಳ ತೆಗೆದಾಗೆಲ್ಲ ಒಳಗಿಂದ "ಮ್ಹುಂ, ಐ ಮೀನ್" ಎನ್ನುತ್ತದೆ, ಅವನು ಡ್ರಮ್ಮಿಗೆ ಸೆಲ್ಯೂಟು ಹೊಡೆಯುತ್ತಾನೆ. ಮೂಕರ ಮನೆಯಲ್ಲಿ ನಗುವುದಕ್ಕೆ ಅದೊಂದೇ ಇತ್ತು. ಸದ್ದಿಲ್ಲದೆ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಗು ಬಾರದ ಸದ್ದೂ ಒಂದಿತ್ತು. ನಲ್ಲಿಯಲ್ಲಿ ತಟ್ಟೆ ತೊಳೆಯುವ ಕೆಲಸ ನನಗೆ ಬಿತ್ತು. ಬೆಳಿಗ್ಗೆ ಎದುರಿನ ಮಂಡಿಯಲ್ಲಿ ಹರಾಜು ಶುರುವಾಗುವ ಹೊತ್ತಿಗೆ ಡ್ರಮ್ಮಿನ ತಳದಲ್ಲಿ ಏನೋ ಮಿಸುಕುತ್ತಿತ್ತು. ಕಿವಿಯಿಟ್ಟರೆ, ಪಾಚಿಯ ಅಡಿಯಿಂದ, "ಒಂದನೇ ಸರಿ... ಎರಡನೇ ಸರಿ..." ಮೂರನೆಯದಕ್ಕೆ ತ್ರಾಣವಿರುತ್ತಿರಲಿಲ್ಲ. ಮಾದನ ಸ್ವರ! ಅವನು ಮೇಲೆ ಗುಡ್ಡದಲ್ಲಿ, ಸ್ವರ ಕೆಳಗೆ ಕೆಸರಲ್ಲಿ. ಅಲ್ಲಿ ಅವನ ಹೆಸರಿನ ಪಿಂಗಾಣಿ ಜಾಡಿಯಲ್ಲಿ ಯಾವನದೋ "ಹೌದು ಬುದ್ದಿ"ಯನ್ನು ವಾರವಾರ ಬಿಸಿಲಿಗಿಟ್ಟು, ಸೋಸಿ, ತಿದ್ದಿ, ಮೆರುಗು ಕೊಡುತ್ತಿದ್ದರು.

ಶಿಕ್ಷೆ ಮುಗಿದ ದಿನ ಮಾದ ಮನೆಗೆ ಹೋಗಲಿಲ್ಲ. ಕೊರಳಲ್ಲಿ ಉತ್ತಮ ನಡತೆಯ ಪದಕ, ಜೊತೆಗೆ ರಾಜಮ್ಮಣ್ಣಿ, ಹಿಂದೆ ಮಂಡಿಯ ಹೂವಿನ ಹೆಂಗಸರು. ನೇರ ಚಿಕ್ಕಮನೆಯ ಬಾಗಿಲಿಗೆ ಬಂದು ಕಂಬಿ ಅಲುಗಾಡಿಸಿದ. ನಾನು ನಲ್ಲಿಯ ಹತ್ತಿರ ತಟ್ಟೆ ಹಿಡಿದು ನಿಂತಿದ್ದೆ.

"ಇನ್ನೇನಪ್ಪಾ? ಮೇಲೆ ನಿನಗೆ ಸ್ವರ ಕೊಟ್ರಲ್ಲ?" ಎಂದ ಪಾಪಣ್ಣ.

"ಹೌದು ಬುದ್ದಿ." ಆಹಾ, ಎಂಥ ಸ್ವರ! ಜೇನು, ತುಪ್ಪ, ವೀಣೆಯ ತಂತಿ. ಮಾದನ ಕಣ್ಣಲ್ಲಿ ಮಾತ್ರ ಬೆಂಕಿ.

"ಚೆನ್ನಾಗಿ ಸುಧಾರಿಸಿ ಕೊಟ್ಟವ್ರೆ ಕಣಯ್ಯ. ಇಲ್ಲಿ ನಿಂದೇನೂ ಬಾಕಿ ಇಲ್ಲ ಅಲ್ವಾ?"

"ಹೌದು ಬುದ್ದಿ." ಹೇಳಿ, ಹಣೆಯನ್ನು ಕಂಬಿಗೆ ಚಚ್ಚಿಕೊಂಡ.

"ಇನ್ನು ಮನೆಗೆ ಹೋಗಿ ಸುಧಾರಿಸ್ಕೊ."

ರಾಜಮ್ಮಣ್ಣಿ ಕಂಬಿಯ ಸಂದಿಯಿಂದ ನನ್ನತ್ತ ನೋಡಿದಳು. ನಾನು ಡ್ರಮ್ಮನ್ನು ಕಣ್ಣಲ್ಲೇ ತೋರಿಸಿದೆ. ತಟ್ಟೆ ಕೆಳಗೆ ಬಿಟ್ಟು, ಮುಚ್ಚಳ ಎತ್ತಿ, ತೋಳಿನತನಕ ಕೈ ಹಾಕಿ ಪಾಚಿ ಕಲಕಿದೆ. ನೀರು ಉಕ್ಕಿತು. "ಮಲ್ಲಿಗೆ ಮೊಗ್ಗೂ... ಒಂದನೇ ಸರಿ!" ಹೊರಗೆ ಹೂವಿನ ಹೆಂಗಸರು ಹೋ ಎಂದರು. ಪಾಪಣ್ಣ "ಏಯ್!" ಎಂದು ಓಡಿ ಬಂದ. "ಎರಡನೇ ಸರಿ!" ಅವನು ನನ್ನನ್ನು ಒದ್ದು ಕೆಡವಿ, ಮುಚ್ಚಳ ಬಡಿದು, ಅದರ ಮೇಲೇ ಕುಕ್ಕರಿಸಿಬಿಟ್ಟ. ಅವನ ಕುಂಡಿಯ ಕೆಳಗೆ ಸ್ವರ ಒಂದೆರಡು ಸಲ ಗುದ್ದಿ, ಸುಮ್ಮನಾಯಿತು.

ಬೀದಿಯಲ್ಲಿ ಎಲ್ಲರೂ ಮೂರನೆಯದಕ್ಕೆ ಕಾದರು. ಬರಲಿಲ್ಲ. ಪಾಪಣ್ಣ ಬೆವರು ಒರೆಸಿಕೊಂಡು ನಕ್ಕ.

ಆಗ ರಾಜಮ್ಮಣ್ಣಿ ಕಂಬಿಗೆ ಬಾಯಿಟ್ಟಳು. ಜನ್ಮದಲ್ಲಿ ಒಂದು ದಿನವೂ ಹರಾಜು ಕೂಗಿದವಳಲ್ಲ. ಮಂಡಿಯಲ್ಲಿ ಹೆಂಗಸರು ಕೂಗುವ ವಾಡಿಕೆಯೇ ಇಲ್ಲ. ಮಾದನ ಹಾಗಲ್ಲ, ನನ್ನ ಹಾಗಲ್ಲ, ಯಾರ ಹಾಗೂ ಅಲ್ಲ, ಅವಳದೇ ಒಡಕು ಗಂಟಲಲ್ಲಿ, ಒಂದು ವರ್ಷ ನುಂಗಿದ ಸಿಟ್ಟನ್ನೆಲ್ಲ ಸೇರಿಸಿ ಕಿರುಚಿದಳು: "ಮೂರನೇ ಸರೀ!"

ಪಾಪಣ್ಣನೂ ನಮ್ಮೂರಿನವನೇ. ಅವನ ತಾಯಿಯೂ ಅವನನ್ನು ಹಾಗೆಯೇ ಚಾಪೆಯಿಂದ ಎಬ್ಬಿಸಿದ್ದಳು. ಬುದ್ಧಿಗೆ ತಿಳಿಯುವ ಮೊದಲೇ ಮೈ ಎದ್ದು ನಿಂತಿತು.

ಮುಚ್ಚಳ ಹಾರಿತು. ಹೊರಗೆ ಮಾದ ಬಗ್ಗಿ, ಆ ಜೇನುತುಪ್ಪದ ಸ್ವರವನ್ನು ಚರಂಡಿಗೆ ಕ್ಯಾಕರಿಸಿ ಉಗಿದು, ಬಾಯಿ ತೆರೆದು ನಿಂತ. ಡ್ರಮ್ಮಿನಿಂದ ಚಿಮ್ಮಿದ್ದು ಕಂಬಿ ದಾಟಿ ಅವನ ಬಾಯಿಗೇ ಇಳಿಯಿತು. ಆಮೇಲೆ, ಕೆಮ್ಮುತ್ತ, ಪಾಚಿ ಉಗುಳುತ್ತ, "ಇಲ್ಲ" ಎಂದ. ಕೋರ್ಟಿನಲ್ಲಿ ಆಡಬೇಕಾಗಿದ್ದ ಮಾತು. "ಇಲ್ಲ! ನಾ ಕದ್ದಿಲ್ಲ! ಸ್ವಾಮೀ, ನಾ ಕದ್ದಿಲ್ಲ!" ಹೂವಿನ ಹೆಂಗಸರು ಕೇಳಿಸಿಕೊಂಡರು, ಸೈಕಲ್ಲಿನವರು ಇಳಿದು ಕೇಳಿಸಿಕೊಂಡರು. ಬರೆದುಕೊಳ್ಳಬೇಕಾದವರು ಒಬ್ಬರೂ ಅಲ್ಲಿರಲಿಲ್ಲ. ಅವನು ಗಂಟಲು ಹರಿಯುವಷ್ಟು ಕೂಗಿದ ಮೇಲೆ ರಾಜಮ್ಮಣ್ಣಿ ಅವನ ಕೊರಳಿನ ಪದಕ ಕಿತ್ತು, ಕೈ ಹಿಡಿದು ಕರೆದುಕೊಂಡು ಹೋದಳು.

ನಾನಿನ್ನೂ ಒಳಗೇ ಇದ್ದೇನೆ. ನನ್ನ ದಿನ ಗೊತ್ತಾಗಿಲ್ಲ. ನಡೆದದ್ದು ಮೇಲಿನವರೆಗೆ ಹೋಯಿತು. ಸಾಹೇಬರುಗಳು ಬಂದು ಡ್ರಮ್ಮನ್ನು ಸುತ್ತು ಹಾಕಿ ನೋಡಿದರು. ಒಬ್ಬರು ಮೂಗು ಮುಚ್ಚಿಕೊಂಡು ಕೇಳಿದರು, ಇಷ್ಟು ದಿನ ಹೀಗೆಯೇ ಇತ್ತಾ? ಚಿಕ್ಕಮನೆಗೆ ಜಾಡಿ ಮಂಜೂರಾಗಲಿಲ್ಲ. ಡ್ರಮ್ಮಿಗೆ ಬೀಗ ಮಂಜೂರಾಯಿತು, ಅವತ್ತೇ.